ಪೆಸ್ಟನ್ ಸಾಹೇಬರ ಜೊತೆ ಕ್ಲಾರಿಯೋನೆಟ್ ಊದಿದವರು

ದೌಂಡ ಜಂಕ್ಷನ್ನಿನ ಗೂಡ್ಸ್ ಯಾರ್ಡಿನಾಚೆ, ಸಿಮೆಂಟ್ ಚೀಲ ಇಳಿಸುವ ಕಟ್ಟೆಯ ತುದಿಯಲ್ಲಿ ಒಬ್ಬರು ನಿಂತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದುರಿಗೆ ಖಾಲಿ ವ್ಯಾಗನ್ನುಗಳ ಸಾಲು. ಗಾಳಿ ಕುರಕುಂಭದ ಕಡೆಯಿಂದ ಬೀಸುತ್ತಿರುವುದರಿಂದ ಕೆಮಿಕಲ್ ಫ್ಯಾಕ್ಟರಿಗಳ ಕಮಟು ವಾಸನೆ ಮೂಗಿಗೆ ಅಡರುತ್ತದೆ. ಅವರ ಬಾಯಲ್ಲಿ ಕ್ಲಾರಿಯೋನೆಟ್ಟಿನ ಪತ್ತಿ ನೆನೆಯುತ್ತಿದೆ. ಬೆರಳಗಲದ ಆ ತೆಳು ಜೊಂಡಿನ ಸೀಳು ಹದವಾಗುವ ತನಕ ಅವರು ಮಾತಾಡುವುದಿಲ್ಲ. ನಾನು ನಮಸ್ಕಾರ ಅಂದರೆ ಕೈ ಎತ್ತಿ ಸುಮ್ಮನಾಗುತ್ತಾರೆ.

ಪತ್ತಿಯನ್ನು ವಾದ್ಯಕ್ಕೆ ಬಿಗಿದು ಒಂದೇ ಸ್ವರ ಊದುತ್ತಾರೆ. ಉದ್ದ, ಸಣ್ಣ, ಅಲುಗಾಡದ ಸ್ವರ. ರೈಲ್ವೆ ಪೋರ್ಟರೊಬ್ಬ ಬೀಡಿ ಸೇದುತ್ತಾ ಹಾದುಹೋಗುತ್ತಾನೆ, ತಿರುಗಿಯೂ ನೋಡುವುದಿಲ್ಲ. ಊದುವುದು ಮುಗಿದ ಮೇಲೆ ಅವರು ಎಂಜಲು ಒರೆಸಿಕೊಂಡು ನನ್ನ ಕಡೆ ನಗುತ್ತಾರೆ. "ಮನ್ಯಾಗ ಊದಿದ್ರ ಬಾಜೂದವ್ರು ಬಾಗ್ಲಾ ಬಡೀತಾರ್ರಿ. ಈ ಡಬ್ಬಿಗಳದ್ದು ಏನೂ ತಕರಾರ ಇಲ್ಲ."

ಇವರು ಫಕೀರಪ್ಪ ಭಜಂತ್ರಿ. ಗದಗಿನ ಕಡೆಯ ಶಿರಹಟ್ಟಿಯವರು. ಆ ಊರಿನ ಫಕೀರೇಶ್ವರನ ಹೆಸರನ್ನೇ ಇಟ್ಟುಕೊಂಡವರು. ಅಪ್ಪ ಶಹನಾಯಿ ಊದುತ್ತಿದ್ದರು. ಮೀಸೆ ಚಿಗುರುವ ಮೊದಲೇ ಸೋದರಮಾವನ ಹಿಂದೆ ಪುಣೆಗೆ ಬಂದ ಇವರು ಮದುವೆ ಬ್ಯಾಂಡಿಗೆ ಸೇರಿದರು. ಅಂದಿನಿಂದ ಇಂದಿನವರೆಗೆ ಅದೇ ಕೆಂಪು ಕೋಟು, ಅದೇ ಹಿತ್ತಾಳೆ ಗುಂಡಿ. ಪುಣೆಯ ಬಾಡಿಗೆ ಏರಿದಾಗ ದೌಂಡಿಗೆ ಸರಿದು, ಕೆಲಸವಿದ್ದ ದಿನ ರೈಲು ಹತ್ತುತ್ತಾರೆ. ಹೆಂಡತಿ ಸಾವಂತ್ರವ್ವ ತೀರಿಕೊಂಡಿದ್ದಾರೆ. ಮಗಳು ಶೀತಲ್ ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಹಬ್ಬಕ್ಕೊಮ್ಮೆ ಬರುತ್ತಾಳೆ. "ಒಬ್ಬಂವಗ ಅಡಿಗಿ ಏನ್ ಮಾಡೂದು? ಬನ್ ತಿಂದ ಚಾ ಕುಡೀತೇನ್ರಿ" ಎನ್ನುತ್ತಾರೆ. ಹೇಳುವಾಗ ಮುಖದಲ್ಲಿ ದೂರೇನೂ ಕಾಣುವುದಿಲ್ಲ. ಅದೇ ನನಗೆ ಸಂಕಟ.

ಒಂದು ಕಾಲಕ್ಕೆ ಇವರ ಬ್ಯಾಂಡಿನಲ್ಲಿ ಇಪ್ಪತ್ತು ಜನ ಇದ್ದರು. ಈಗ ಏಳು. ಡಿಜೆ ಬಂದ, ಗಾಡಿ ತುಂಬ ಸ್ಪೀಕರ್ ತಂದ, ಎದೆ ನಡುಗಿಸಿದ. ಅವನು ಇನ್ನೂ ಬಂದಿಲ್ಲವಾದರೆ, ಅವನ ಜನರೇಟರ್ ಕೆಟ್ಟರೆ, ಆಗ ಇವರಿಗೆ ಕರೆ. "ಮದಮಗನ ಕುದುರಿ ಬರೂದು ತಡಾ ಆದ್ರ ನಮ್ಮನ್ನ ನಿಂದ್ರಸ್ತಾರ. ಕುದುರಿ ಬಂತಂದ್ರ, ಚಲಾ, ಬಸ್ ಝಾಲಂ, ಸಾಕು ನಡೀರಿ, ಅಂತಾರ."

ಇನ್ನು ನನ್ನ ಪುರಾಣ ಸ್ವಲ್ಪ ಹೇಳಲೇಬೇಕು. ನನಗೆ ರಾಕ್ ಸಂಗೀತದ ಹುಚ್ಚು. ಊರೆಲ್ಲ ಕೇಳುವ ದೊಡ್ಡ ದೊಡ್ಡ ಬ್ಯಾಂಡುಗಳ ಅಂಗಿ ತೊಟ್ಟು ತಿರುಗುವವರನ್ನು ಕಂಡರೆ ಮೈ ಉರಿಯುತ್ತದೆ. ನನಗೆ ಬೇಕಾದದ್ದು ಯಾರೂ ಕೇಳದೆ ಬಿಟ್ಟದ್ದು. ಹಾಗೆ ಪುಣೆಯ ಜೂನಾ ಬಜಾರಿನಲ್ಲಿ ತುಕ್ಕು ಹಿಡಿದ ನಲ್ಲಿ, ಹಳೆಯ ಬೀಗಗಳ ನಡುವೆ ಒಂದು ಕ್ಯಾಸೆಟ್ ಸಿಕ್ಕಿತು. ತೊಂಬತ್ತರ ದಶಕದ ಆರಂಭದ್ದು. 'ಮಂಡೇ ಟೆನಂಟ್ಸ್' ಅಂತ ಬ್ಯಾಂಡಿನ ಹೆಸರು. ಪುಣೆಯದೇ ಕ್ಯಾಂಪ್ ಭಾಗದ ಹುಡುಗರು. ಒಂದೇ ಕ್ಯಾಸೆಟ್ ಮಾಡಿ ಚೆದುರಿಹೋದವರು. ನಾನು ವಿಚಾರಿಸಿದವರಲ್ಲಿ ಒಬ್ಬನಿಗೂ ಇವರ ಹೆಸರು ಗೊತ್ತಿಲ್ಲ. ಕರ್ಮ!

ಎರಡನೇ ಬದಿಯ ಕೊನೆಯ ಹಾಡಿನಲ್ಲಿ, ಗಿಟಾರು ದಣಿದು ಹಿಂದೆ ಸರಿದಾಗ, ಎಲ್ಲಿಂದಲೋ ಒಂದು ಕ್ಲಾರಿಯೋನೆಟ್ ಎದ್ದು ಬರುತ್ತದೆ. ರಾಕ್ ಹಾಡಿಗೆ ಅದರ ಅಗತ್ಯವಿಲ್ಲ ಅಂತ ಯಾರಾದರೂ ಹೇಳಬಹುದು. ಆದರೆ ಅದು ಡ್ರಮ್ಮಿನ ಪಕ್ಕಕ್ಕೆ ಬಂದು ನಿಲ್ಲುವ ರೀತಿ, ಮೇಲಿನ ಸ್ವರಕ್ಕೆ ಹತ್ತುವ ಮುನ್ನ ಒಂದು ಕೂದಲಷ್ಟು ಅಳುಕಿ ಆಮೇಲೆ ಏರುವ ರೀತಿ, ಅಬ್ಬಾ, ಇವತ್ತಿಗೂ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ಕೇಳುತ್ತೇನೆ. ಕವರಿನ ಮೇಲೆ ನಾಲ್ಕು ಹೆಸರುಗಳಿವೆ. ಹಾಡಿದವರು, ಗಿಟಾರ್, ಬೇಸ್, ಕೊನೆಗೆ 'ಡ್ರಮ್ಸ್: ಪೆಸ್ಟನ್'. ಕ್ಲಾರಿಯೋನೆಟ್ ಊದಿದವರ ಹೆಸರಿಲ್ಲ.

ಆ ಉಸಿರು ಮತ್ತೆ ಕಿವಿಗೆ ಬಿದ್ದದ್ದು ಪುಣೆಯ ಮಗರಪಟ್ಟಾದಲ್ಲಿ. ನನ್ನ ಪರಿಚಯದ ಮಂಡ್ಯದ ಹುಡುಗ, ಐಟಿ ಕಂಪನಿಯ ಅಭಿಲಾಷ, ಮರಾಠಿ ಹುಡುಗಿಯನ್ನು ಮದುವೆಯಾಗುತ್ತಿದ್ದ. ಅಪಾರ್ಟ್‌ಮೆಂಟ್ ಟವರುಗಳ ಗೇಟಿನ ಹತ್ತಿರ ದಿಬ್ಬಣ ನಿಂತಿತ್ತು. "ಸರ್, ಸೊಸೈಟಿಯವ್ರು ಸೌಂಡ್ ಕಂಪ್ಲೇಂಟ್ ಮಾಡ್ತಾರೆ, ಬ್ಯಾಂಡ್ ಬೇಗ ಮುಗಿಸಿಬಿಡಿ ಅಂತಿದಾರೆ" ಎಂದು ಅಭಿಲಾಷ ಕುದುರೆ ಮೇಲಿಂದಲೇ ಒದ್ದಾಡುತ್ತಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ಯಾವುದೋ ಸಿನಿಮಾ ಹಾಡಿನ ನಡುವೆ ಕ್ಲಾರಿಯೋನೆಟ್ ಮೇಲಕ್ಕೆ ಹತ್ತುವ ಮುನ್ನ ಅಳುಕಿತ್ತು, ಆಮೇಲೆ ಏರಿತ್ತು. ಅಷ್ಟರಲ್ಲಿ ಊದುತ್ತಿದ್ದವರು ವಾದ್ಯ ಕೆಳಗಿಳಿಸಿ, ದೊಡ್ಡ ಡ್ರಮ್ಮಿನವನ ಮೇಲೆ ಅಪ್ಪಟ ಗದಗಿನ ಕನ್ನಡದಲ್ಲಿ ಹರಿಹಾಯ್ದರು. "ಲೇ, ಯಾಕ್ ಓಡಾಕತ್ತೀಯೋ? ಹಿಂದ ನಾಯಿ ಬೆನ್ನ ಹತ್ತೇತೇನು?"

ಅವರೇ ಫಕೀರಪ್ಪನವರು. ದಿಬ್ಬಣ ಮುಗಿದ ಮೇಲೆ ಫುಟ್‌ಪಾತಿನಲ್ಲಿ ಅವರ ಪಕ್ಕ ಕೂತು ಆ ಕ್ಯಾಸೆಟ್ಟಿನ ಬಗ್ಗೆ ಕೇಳಿದೆ. ಅವರಿಗೆ ಬ್ಯಾಂಡಿನ ಹೆಸರು ಗೊತ್ತಿಲ್ಲ. ಹಾಡು ಗೊತ್ತಿಲ್ಲ. ಆ ದಿನ ಮಾತ್ರ ನಿನ್ನೆಯಂತೆ ನೆನಪಿದೆ. ಸ್ಟುಡಿಯೋದವನೊಬ್ಬ ಬ್ಯಾಂಡ್ ಅಂಗಡಿಗಳ ಸಾಲಿಗೆ ಬಂದು ಕ್ಲಾರಿಯೋನೆಟ್ಟಿನವರು ಬೇಕು ಎಂದ. ಬಿಡುವಿದ್ದವರು ಇವರು ಒಬ್ಬರೇ. ಬೇಕರಿಯೊಂದರ ಮೇಲಿನ ಖೋಲಿಗೆ ಕರೆದೊಯ್ದ. "ಕೋಟಿನ ಗುಂಡಿ ಸಪ್ಪಳ ಮಾಡ್ತಾವ ಅಂತ ಕೋಟ ತಗಿಸಿದ್ರು. ಬನಿಯನ್ ಮ್ಯಾಲ ನಿಂತ ಊದಿದ್ನಿ. ಕೆಳಗಿಂದ ಬಿಸ್ಕೀಟ ಬೇಯೂ ವಾಸ್ನಿ."

ಕಿವಿಗೆ ಹೆಡ್‌ಫೋನ್ ಹಾಕಿದರು. ಅದರಲ್ಲಿ ಗಿಟಾರಿಲ್ಲ, ಗಾಯನವಿಲ್ಲ, ಬರೀ ಡ್ರಮ್. ಪೆಸ್ಟನ್ ಜೊತೆ ನುಡಿಸು ಎಂದ ಸ್ಟುಡಿಯೋದವನು. ಪೆಸ್ಟನ್ ಎಲ್ಲಿ ಎಂದರೆ, ಉಸ್ಕಾ ಹೋ ಗಯಾ, ಅವನದು ಮುಗೀತು, ಅಂದ. ರೆಕಾರ್ಡಿಂಗ್ ಅನ್ನುವ ಧಂದೆಯೇ ಹೀಗೆ. ಒಬ್ಬೊಬ್ಬರು ಒಂದೊಂದು ದಿನ ಬಂದು ತಮ್ಮ ಪಾಲು ನುಡಿಸಿ ಹೋಗುತ್ತಾರೆ. ಆಮೇಲೆ ಒಂದರ ಮೇಲೊಂದು ಕೂರಿಸುತ್ತಾರೆ. ಕೇಳುವ ನಾವು ಐದು ಜನ ಗೆಳೆಯರು ಒಂದೇ ಚಾಪೆಯ ಮೇಲೆ ಕೂತು ನುಡಿಸಿದರು ಅಂದುಕೊಂಡು ಖುಷಿಪಡುತ್ತೇವೆ.

"ಏನ್ ಹೇಳ್ಲಿ ಸರ, ಆ ಪೆಸ್ಟನ್ ಸಾಹೇಬ್ರು!" ಫಕೀರಪ್ಪನವರ ಮುಖ ಅರಳುತ್ತದೆ. "ನಮ್ಮ ಬ್ಯಾಂಡಿನ್ಯಾಗ ಡ್ರಮ್ ಬಾರ್ಸಾಂವ ಎರಡ ಗ್ಲಾಸ್ ಹಾಕಿದ್ರ ಓಡ್ತಾನ, ಹಾಕದಿದ್ರ ತೂಕಡಸ್ತಾನ. ಅವ್ರು ಒಂದ ಕೂದ್ಲ ಹಿಂದಿಲ್ಲ, ಮುಂದಿಲ್ಲ. ನಾ ಎರಡ ಸಲ ತಪ್ಪಿದ್ನಿ. ಅವ್ರು ಸಿಟ್ಟಾಗ್ಲಿಲ್ಲ, ಗದರ್ಲಿಲ್ಲ. ನೀ ಬಾರಪಾ, ನಾ ಇಲ್ಲೇ ಅದೇನಿ, ಅಂದಂಗ ಬಾರಿಸ್ಕೋತ ಇದ್ರು. ಅಂಥಾ ಸಮಾಧಾನದ ಮನಶ್ಯಾನ್ನ ನಾ ಕಂಡಿಲ್ಲರಿ."

ಕಂಡಿಲ್ಲ, ನಿಜ. ಆದರೆ ಮೂವತ್ತು ವರ್ಷ ಆ ಕಾಣದ ಮನುಷ್ಯನನ್ನು ಜೊತೆಗಿಟ್ಟುಕೊಂಡಿದ್ದಾರೆ. ಬೆಳಗಿನ ಸಾಧನೆಯಲ್ಲಿ ಕಾಲಿನಿಂದ ಹಾಕುವುದು ಪೆಸ್ಟನ್ ಸಾಹೇಬರ ತಾಳ. ಮದುವೆಯಲ್ಲಿ ಯಾರಾದರೂ ಅವಮಾನ ಮಾಡಿದರೆ, ಸಾವಂತ್ರವ್ವನ ಕಾಯಿಲೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಮನಸ್ಸಿನಲ್ಲಿ ಆ ಡ್ರಮ್ ಕೇಳಿಸಿಕೊಳ್ಳುತ್ತಾರಂತೆ. ಪೆಸ್ಟನ್ ಎಂಬುದು ಪಾರ್ಸಿಗಳ ಹೆಸರೆಂದು ತಿಳಿದು, ಒಂದು ಸಲ ಕ್ಯಾಂಪಿನ ಅಗಿಯಾರಿಯ, ಅಂದರೆ ಪಾರ್ಸಿಗಳ ಅಗ್ನಿಮಂದಿರದ, ಹೊರಗೆ ನಿಂತು, ಒಳಗಿಂದ ಬಂದವರ ಕೈಗಳನ್ನೆಲ್ಲ ನೋಡಿದ್ದಾರೆ, ಡ್ರಮ್ ಬಾರಿಸುವ ಕೈ ಯಾವುದಿರಬಹುದು ಎಂದು. ಕೇಳುವ ಧೈರ್ಯ ಬರಲಿಲ್ಲ. ನಾನು ಫೋನಿನಲ್ಲಿ ಹಾಡು ಹಾಕಿಕೊಟ್ಟಾಗ ತಮ್ಮ ಕ್ಲಾರಿಯೋನೆಟ್ ಬಂದಾಗಲೂ ಅವರು ಕಣ್ಣು ತೆರೆಯಲಿಲ್ಲ. ಡ್ರಮ್ ಕೇಳುತ್ತಿದ್ದರು.

"ಒಂದ ಆಸೆ ಅದ ನೋಡ್ರಿ" ಎಂದರು. "ನಂಗ ಹೆಸರ ಬ್ಯಾಡ, ಫೋಟೋ ಬ್ಯಾಡ. ಒಮ್ಮೆ ಪೆಸ್ಟನ್ ಸಾಹೇಬ್ರ ಎದುರಾಬದುರಾ ಕುಂತ ಊದಬೇಕು. ಹಲ್ಲ ಅಳ್ಳಾಡಾಕತ್ತಾವ. ಅವು ಉದುರೂದ್ರಾಗ."

ಕ್ಲಾರಿಯೋನೆಟ್ ಊದುವವರಿಗೆ ಮೇಲಿನ ಮುಂಭಾಗದ ಹಲ್ಲೇ ಆಧಾರ. ನನಗೆ ಆವೇಶ ಬಂತು. ಹುಡುಕಿ ಕರೆತರ್ತೇನೆ, ನಿಶ್ಚಿಂತೆಯಿಂದ ಇರ್ರಿ, ಎಂದು ಮಾತು ಕೊಟ್ಟುಬಿಟ್ಟೆ.

ಮಂಡೇ ಟೆನಂಟ್ಸ್ ಬ್ಯಾಂಡಿನ ಗಿಟಾರ್ ವಾದಕ ಮಿಥುನ ಸಿಕ್ಕಿದ್ದು ಪುಣೆಯಲ್ಲೇ. ಈಗ ತಲೆ ನರೆತಿದೆ, ಮಕ್ಕಳಿಗೆ ಗಿಟಾರ್ ಕಲಿಸುತ್ತಾರೆ. ತಮ್ಮ ಕ್ಯಾಸೆಟ್ ಕೇಳಿದವನೊಬ್ಬ ಬದುಕಿದ್ದಾನೆ ಎಂದು ತಿಳಿದು ಅವರ ಕಣ್ಣೇ ಒದ್ದೆಯಾಯಿತು. ಪೆಸ್ಟನ್ ವಿಳಾಸ ಕೇಳಿದೆ. ಅವರು ನಗಲು ಶುರು ಮಾಡಿದರು, ಕೆಮ್ಮು ಬರುವ ತನಕ ನಕ್ಕರು. ರೆಕಾರ್ಡಿಂಗಿಗೆ ಮೊದಲೇ ಅವರ ಡ್ರಮ್ಮರ್ ದುಬೈ ನೌಕರಿ ಹಿಡಿದು ಹೋಗಿದ್ದನಂತೆ. ಪರಿಚಯದ ಪಾರ್ಸಿ ಅಂಗಡಿಯಿಂದ ಒಂದು ರಿದಮ್ ಯಂತ್ರ ಎರವಲು ತಂದರು. ಗುಂಡಿ ಒತ್ತಿದರೆ ತಾನಾಗಿ ಡ್ರಮ್ ಬಾರಿಸುವ ಡಬ್ಬ. ಅದಕ್ಕೆ ತಮಾಷೆಗೆ ಅಂಗಡಿಯವರ ಹೆಸರಿಟ್ಟರು, ಕವರಿನ ಮೇಲೂ ಅಚ್ಚು ಹಾಕಿಸಿದರು.

ರಾಕ್ ಪಂಡಿತ ಅಂತ ಮೀಸೆ ತಿರುವುವ ನಾನೂ ಬೇಸ್ತು ಬಿದ್ದಿದ್ದೆ. ಅದು ಹಾಗಿರಲಿ. ಡಬ್ಬಕ್ಕೆ ಹೆಸರು ಹಾಕಿದಿರಿ, ಮನುಷ್ಯನಿಗೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಮಿಥುನರ ನಗು ನಿಂತಿತು. ಅವರಿಗೆ ಆ ಹೆಸರು ಗೊತ್ತೇ ಇರಲಿಲ್ಲವಂತೆ. ಸ್ಟುಡಿಯೋದವನು ಕರೆಸಿದ್ದ, ಬ್ಯಾಂಡಿನವರು ಮರುದಿನ ಬಂದು ಟೇಪ್ ಕೇಳಿ ಚೆನ್ನಾಗಿದೆ ಅಂದಿದ್ದರು, ಅಷ್ಟೇ. ಕೆಟ್ಟವರೇನಲ್ಲ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಈಗ ನಾನು ದೌಂಡ ಸ್ಟೇಷನ್ನಿನ ಚಹಾ ಅಂಗಡಿಯ ಬೆಂಚಿನ ಮೇಲೆ ಫಕೀರಪ್ಪನವರ ಪಕ್ಕ ಕೂತಿದ್ದೇನೆ. ಅವರಿಗೆ ಪುಣೆಯಲ್ಲಿ ಮದುವೆಯಿದೆ. ಇಸ್ತ್ರಿ ಮಾಡಿದ ಕೋಟು ಮಡಿಲಲ್ಲಿದೆ. ದಾರಿಯುದ್ದಕ್ಕೂ ಸುಳ್ಳು ಹೊಸೆದಿದ್ದೆ. ಪೆಸ್ಟನ್ ಸಾಹೇಬರು ತೀರಿಕೊಂಡರು ಅನ್ನೋಣ, ಕೆನಡಾಕ್ಕೆ ಹೋದರು ಅನ್ನೋಣ. ಆದರೆ ಅವರು "ಸಿಕ್ರೇನ್ರಿ?" ಎಂದು ನನ್ನ ಮುಖ ನೋಡಿದ ಮೇಲೆ ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಮಷಿನ್?"

"ಹೌದ್ರಿ."

"ಮನಶ್ಯಾ ಇರಲೇ ಇಲ್ಲ?"

"ಇರಲಿಲ್ಲರಿ."

ಅವರು ಚಹಾದ ಗ್ಲಾಸು ಕೆಳಗಿಡುತ್ತಾರೆ. ಪ್ಲಾಟ್‌ಫಾರ್ಮಿನ ಮೇಲೆ ಜನ ಓಡಾಡುತ್ತಿದ್ದಾರೆ, ಸೊಲ್ಲಾಪುರದ ಕಡೆಯ ಗಾಡಿಯೊಂದು ಬಂದು ಹೋಗುತ್ತದೆ. ಮೂವತ್ತು ವರ್ಷದ ಗೆಳೆಯನನ್ನು ಒಂದು ಮಾತಿನಲ್ಲಿ ಕೊಂದ ಹಾಗಾಯಿತಲ್ಲ! ಅವರು, "ಇನ್ನೊಮ್ಮೆ ಹಚ್ಚರಿ" ಎಂದು ಕೈ ಚಾಚುತ್ತಾರೆ.

ಇಯರ್‌ಫೋನ್ ಹಾಕಿಕೊಂಡು ಹಾಡನ್ನು ಪೂರ್ತಿ ಕೇಳುತ್ತಾರೆ. ಬೆರಳುಗಳು ಕೋಟಿನ ಮೇಲೆ ಆಡುತ್ತವೆ. ಮುಗಿದ ಮೇಲೆ ಬಿಚ್ಚಿ ನನಗೆ ಕೊಡುತ್ತಾರೆ.

"ಪಾಪ" ಎನ್ನುತ್ತಾರೆ.

"ಯಾರು ಪಾಪ?"

"ಅದೇರಿ, ಆ ಮಷಿನ್. ಅದರ ಕೂಡ ಯಾರೂ ಇರಲಿಲ್ಲ ಅಂದಂಗಾತು. ಅಷ್ಟ ದೊಡ್ಡ ಖೋಲ್ಯಾಗ ತಾನೊಂದ ಬಡ್ಕೋತ ಕುಂತಿತ್ತು."

ಪುಣೆಯ ಗಾಡಿ ಬರುತ್ತದೆ. ಫಕೀರಪ್ಪ ಎದ್ದು ಕೆಂಪು ಕೋಟಿಗೆ ತೋಳು ತೂರಿಸುತ್ತಾರೆ, ಒಂದೊಂದೇ ಗುಂಡಿ ಹಾಕಿಕೊಳ್ಳುತ್ತಾರೆ. ಬೋಗಿಯ ಮೆಟ್ಟಿಲ ಮೇಲೆ ನಿಂತು ತಿರುಗುತ್ತಾರೆ.

"ಆದ್ರೂ ನಾ ಬಿಟ್ಟ ಹೋಗ್ಲಿಲ್ಲ ನೋಡ್ರಿ. ಕಡೀತನಕ ಅದರ ಜೋಡಿ ಇದ್ನಿ."