ಕೋಡಿ ಹಳ್ಳದ ಐದು ಮರ

ನಮ್ಮೂರ ಹಳೆಯ ಕಲ್ಲುಗುಡಿ ಕೆರೆ ಏರಿಯ ಕೆಳಗಿದೆ. ಅದರ ಪಕ್ಕಕ್ಕೇ ನಮ್ಮ ತೆಂಗಿನ ತೋಟ. ಹೋದ ವರ್ಷ ಒಬ್ಬ ಹುಡುಗಿ ಟೇಪು, ಕ್ಯಾಮೆರಾ ಹಿಡಿದು ಬಂದು ಗುಡಿ ಅಳೆಯತೊಡಗಿದಳು. ಗುಡಿ ಅಳೆಯಲು ಬಂದವರು ತೋಟ ಅಳೆಯದೆ ಹೋಗುತ್ತಾರೆಯೇ? ಪೊರಕೆಗೆ ಗರಿ ಸೀಳುತ್ತಿದ್ದವಳು ಕುಡುಗೋಲು ಹಿಡಿದೇ ಎದ್ದು ಹೋದೆ.

"ಯಾರವ್ವ ನೀನು? ಯಾರ್ ಕಳ್ಸಿದ್ರು?"

"ಸರ್ಕಾರದಿಂದ ಅಜ್ಜಿ. ಮಳೆ, ಸಿಡಿಲು, ನೆರೆ ಬಂದ್ರೆ ಯಾವ ಗುಡಿಗೆ ಎಷ್ಟು ಅಪಾಯ ಅಂತ ಬರ್ಕೊಳ್ತಿದೀವಿ."

"ನಮ್ ತಾತನ್ ತಾತನ್ ಕಾಲ್ದಿಂದ ನಿಂತೈತೆ. ಈಗ್ ನೆಪ್ಪಾಯ್ತಾ?"

ನಕ್ಕಳು. ಬೈದರೆ ನಗುವವರನ್ನು ನಾನು ನಂಬುವುದಿಲ್ಲ.

"ಕೆರೆ ಕೋಡಿ ಬಿದ್ದಾಗ ಒಳಗೆ ನೀರು ಬಂದಿತ್ತಾ?"

"ಒಂದ್ ತೊಟ್ಟೂ ಇಲ್ಲ ಕಣವ್ವ."

ಸುಳ್ಳು. ಹಿಂದಿನ ಮಳೆಗಾಲದಲ್ಲಿ ನೀರು ಗರ್ಭಗುಡಿಯ ಹೊಸ್ತಿಲು ದಾಟಿತ್ತು. ಪಾಯದ ಕಲ್ಲೊಂದು ಜರುಗಿತ್ತು. ಗೋಡೆಯ ಕೆಸರಿನ ಗೆರೆಯನ್ನು ಹಬ್ಬಕ್ಕೆ ಸುಣ್ಣ ಬಳಿದು ನಾವೇ ಮುಚ್ಚಿದ್ದೆವು. ತುಂಬಿದ ಕೆರೆಯ ನೀರು ಹರಿದುಹೋಗಬೇಕಾದ ಕೋಡಿ ಹಳ್ಳ ನಮ್ಮ ತೋಟದ ಅಂಚಿನಲ್ಲಿತ್ತು. ಕೆರೆ ಎಷ್ಟೋ ವರ್ಷ ತುಂಬಲೇ ಇಲ್ಲ. ತಂಪು ಜಾಗ, ಸುಮ್ಮನೆ ಬಿಡುವುದೇಕೆ ಎಂದು ಹಳ್ಳಕ್ಕೆ ಮಣ್ಣು ತುಂಬಿಸಿ ಐದು ತೆಂಗಿನ ಸಸಿ ನೆಟ್ಟವಳು ನಾನೇ. ಈಗ ಗೊನೆ ಬಿಟ್ಟಿದ್ದವು. ದಾರಿ ಕಾಣದ ನೀರು ಗುಡಿಗೆ ನುಗ್ಗಿತ್ತು.

"ಹಂಗಾದ್ರೆ ಈ ಗುಡಿ ಪಟ್ಟೀಲಿ ಬೇಡ ಬಿಡಿ ಅಜ್ಜಿ. ನೀರಿನ ಭಯ ಇರೋ ಗುಡಿಗಳನ್ನ ಮೊದಲು ರಿಪೇರಿ ಮಾಡಿಸ್ಬೇಕು" ಎಂದು ಹುಡುಗಿ ಚೀಲ ಹೆಗಲಿಗೇರಿಸಿದಳು.

ಬಾಯಿ ಬಿಡಿಸುವ ಉಪಾಯವೂ ಇರಬಹುದು ಎಂದುಕೊಂಡೆ. ಆದರೆ ಇನ್ನೊಂದು ಅಂಥ ಮಳೆಗೆ ಆ ಗೋಡೆ ನಿಲ್ಲುವುದಿಲ್ಲ. ಕುಡುಗೋಲಿನಿಂದ ಸುಣ್ಣ ಕೆರೆದೆ.

"ಅಯ್ಯೋ, ಕೆರೀಬೇಡಿ ಅಜ್ಜಿ! ಕಲ್ಲು ಹಾಳಾಗುತ್ತೆ!"

"ಕಲ್ಲಲ್ಲ ಕಣವ್ವ, ಸುಣ್ಣ. ನೋಡಿಲ್ಲಿ ಗೆರೆ. ಇಲ್ಲೀಗಂಟ ಬಂದಿತ್ತು ನೀರು. ಬರ್ಕೋ."

ಹಳ್ಳಕ್ಕೂ ಕರೆದುಕೊಂಡು ಹೋದೆ.

"ಈ ಮರ ಯಾರದು?"

"ಮರ ನಂದು. ಜಾಗ ಹಳ್ಳದ್ದು. ಅಗೋ, ಬದು ಮೇಲಿರೋ ಆರನೇದು ತೋಟದ್ದು. ಅದ್ರ ತಂಟೆ ಬ್ಯಾಡ."

ಬರೆದಳು.

"ಗಟ್ಟಿಯಾಗ್ ಓದು. ನಂಗೆ ಅಕ್ಷರ ಅಷ್ಟಕ್ಕಷ್ಟೆ, ಕಿವಿ ಸರ್ಯಾಗೈತೆ."

ಐದು ಎಂದು ಓದಿದಳು. ಇನ್ನೊಮ್ಮೆ ಓದಿಸಿದೆ.

ಈ ಬೇಸಿಗೆಯಲ್ಲಿ ಹಳ್ಳ ಬಿಡಿಸಲು ಜೆಸಿಬಿ ಬಂತು. ಐದನೆಯ ಮರ ಉರುಳಿ ಜೆಸಿಬಿ ಹಿಂದೆ ತಿರುಗುವವರೆಗೂ ನಾನು ಆರನೆಯ ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದೆ.