ಅಪ್ಪ ನನ್ನನ್ನು ಹಿರಿಯರೇ ಎಂದು ಕರೆದ ಶುಕ್ರವಾರ

ಆ ಗುಂಪಿನಲ್ಲಿ ನನಗೆ ಹೆಸರಿರಲಿಲ್ಲ. ಒಂದು ಸ್ಟೀಲ್ ಲೋಟದ ಚಿತ್ರವಿತ್ತು, ಅಷ್ಟೆ. ಒಮಾನಿನಲ್ಲಿರುವ ನಮ್ಮ ಕರಾವಳಿಯವರ ಆನ್‌ಲೈನ್ ಗುಂಪು ಅದು. ತುಳು, ಬ್ಯಾರಿ, ಕೊಂಕಣಿ ಮಾತಾಡುವವರೆಲ್ಲ ಇದ್ದುದರಿಂದ ಜಗಳ ಶುರುವಾದರೆ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಬಾಡಿಗೆಗಿರುವ ರೂಮು, ಊರಿಂದ ಬರುವವರ ಕೈಯಲ್ಲಿ ತರಿಸಬೇಕಾದ ಔಷಧಿ, ಮವಾಲೇಹ್ ತರಕಾರಿ ಮಾರುಕಟ್ಟೆಗೆ ಬಂದ ಬಸಳೆ, ಎಲ್ಲವನ್ನೂ ಓದುತ್ತಿದ್ದೆ, ಯಾವುದಕ್ಕೂ ಉತ್ತರಿಸುತ್ತಿರಲಿಲ್ಲ. ಕಾಲೇಜಿನಲ್ಲೂ ನಾನು ಹಾಗೆಯೇ. ಸಮಾಜಶಾಸ್ತ್ರದ ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದೆ ಪದವಿ ಮುಗಿಸಿದವಳು.

ಅದೇ ಗುಂಪಿನಲ್ಲಿ ನನ್ನ ಅಪ್ಪನೂ ಇದ್ದರು. ಅವರಿಗೆ ಹೆಸರಿತ್ತು, ಫೋಟೋ ಇತ್ತು, ಅಭಿಮಾನಿಗಳೂ ಇದ್ದರು. ಮಸ್ಕತ್ತಿನ ತಾಳಮದ್ದಳೆ ಕೂಟಗಳಲ್ಲಿ ಅವರು ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಬರೀ ಮಾತಿನಿಂದ ಪಾತ್ರ ಕಟ್ಟಿ ಎದುರಿನ ಪಾತ್ರದೊಡನೆ ವಾದಿಸುವವರು. ಗುಂಪಿನ ಲೋಟ ತನ್ನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಬರೆದರು: "ಕೆಲಸ ಗೊತ್ತಿದ್ದವನನ್ನು ಕಳಿಸಿ ಗೊತ್ತಿಲ್ಲದವನನ್ನು ತಂದು ಕೂರಿಸುವುದು. ಕಾರಣ ಪಾಸ್‌ಪೋರ್ಟು. ಇದಕ್ಕೆ ರಿವರ್ಸ್ ರೇಸಿಸಂ ಅನ್ನದೆ ಮತ್ತೆಂತ ಹೇಳುವುದು?"

ಯಾರ ವಿಷಯವೆಂದು ನನಗೆ ತಿಳಿದಿತ್ತು. ಟೈಲ್ಸ್ ತರಿಸಿ ಮಾರುವ ಕಂಪೆನಿಯೊಂದರಲ್ಲಿ ಅಪ್ಪ ಗೋದಾಮಿನ ಮೇಲ್ವಿಚಾರಕರು. ಸ್ಥಳೀಯರಿಗೇ ಕೆಲಸ ಕೊಡಬೇಕೆಂಬ ಸರಕಾರದ ನಿಯಮದಂತೆ ಅವರ ಜಾಗಕ್ಕೆ ಒಮಾನಿ ಯುವಕನೊಬ್ಬನನ್ನು ತೆಗೆದುಕೊಂಡಾಗಿತ್ತು. ಅಪ್ಪ ಈಗಲೇ ಹೊರಡಬಹುದು, ಇಲ್ಲವೇ ವರ್ಷದ ಕೊನೆಯವರೆಗೆ ಇದ್ದು ಅವನಿಗೆ ಕೆಲಸ ಕಲಿಸಿ ಹೊರಡಬಹುದು. ಯಾವುದೆಂದು ಬರುವ ಭಾನುವಾರ ಹೇಳಬೇಕಿತ್ತು. "ನನ್ನ ಕುರ್ಚಿಯನ್ನು ನಾನೇ ಒರೆಸಿ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ಅಮ್ಮನ ಹತ್ತಿರ ಹೇಳಿದ್ದು ನನ್ನ ಕೋಣೆಗೆ ಕೇಳಿಸಿತ್ತು. ನನ್ನೆದುರು ಮಾತ್ರ ಅವರು ಸೆಕೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಹುಟ್ಟಿದ್ದು ಇಲ್ಲಿ. ಅಪ್ಪ ಹೋಗುವುದು ಖಂಡಿತ. ಅದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಸಿಟ್ಟಿನಲ್ಲಿ ಬಾಗಿಲು ಬಡಿದು ಹೋದರೆ ಇಲ್ಲಿ ಕಳೆದ ಅಷ್ಟೂ ವರ್ಷಗಳನ್ನು ಅವರು ಆ ಸಿಟ್ಟಿನ ಮೂಲಕವೇ ನೆನಪಿಸಿಕೊಳ್ಳುತ್ತಾರೆ ಎಂಬ ಹೆದರಿಕೆ ನನಗಿತ್ತು.

ಆಫೀಸಿನ ಮೇಜಿನ ಮುಂದೆ ಕುಳಿತು ಉತ್ತರ ಬರೆದೇಬಿಟ್ಟೆ. "ಸ್ವಂತ ದೇಶದಲ್ಲಿ ಸ್ವಂತ ಜನರಿಗೆ ಕೆಲಸ ಕೊಡುವುದು ರೇಸಿಸಂ ಆದರೆ, ಬೆಂಗಳೂರಿನಲ್ಲಿ ಕನ್ನಡಿಗರಿಗೇ ಕೆಲಸ ಕೊಡಿ ಎಂದು ನಾವು ಕೇಳುವುದು ಏನು? ಅದಕ್ಕೆ ಇದೇ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕಿದ್ದೀರಿ."

ಉತ್ತರಗಳ ಸುರಿಮಳೆಯಾಯಿತು.

"ಇಕಾ ನೋಡಿ, ಲೋಟಕ್ಕೆ ಬಾಯಿ ಬಂತು!"

"ಅಲ್ಲಿ ನಾವು ಮಣ್ಣಿನ ಮಕ್ಕಳು ಮಾರಾಯ್ರೆ."

"ಹಾಗಾದ್ರೆ ಇಲ್ಲಿಯವರು ಎಂತದರ ಮಕ್ಕಳು?" ಎಂದು ಯಾರೋ ನನ್ನ ಪರವಾಗಿ ಕೇಳಿದರು.

ಮತ್ರಾದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರು ಒಳ್ಳೆಯ ಪ್ರಶ್ನೆ ಎತ್ತಿದರು. ಒಂದೇ ಆಫೀಸಿನಲ್ಲಿ ಬಿಳಿಯ ಮ್ಯಾನೇಜರನಿಗೊಂದು ಸಂಬಳ, ಅದೇ ಕೆಲಸದ ನಮ್ಮವನಿಗೊಂದು ಸಂಬಳ. ಇದನ್ನು ಬಿಟ್ಟು ಒಮಾನಿ ಹುಡುಗರ ಮೇಲೆ ಯಾಕೆ ಸಿಟ್ಟು? ನನಗೆ ಕುಣಿಯುವಂತಾಯಿತು. ಬಣ್ಣ ನೋಡಿ ತೂಗುವುದು ಬೇರೆ, ದೇಶವೊಂದು ತನ್ನ ಮಕ್ಕಳಿಗೆ ಜಾಗ ಮಾಡುವುದು ಬೇರೆ ಎಂದು ಒಂದೊಂದೇ ಎಳೆ ಬಿಡಿಸಿ ಬರೆದೆ. ಊಟದ ಡಬ್ಬಿ ತೆರೆಯುವುದು ಮರೆತೇಹೋಯಿತು. ಇಷ್ಟು ವರ್ಷ ಎತ್ತದ ಕೈಯನ್ನು ಒಮ್ಮೆಲೇ ಎತ್ತಿದ ಹಾಗೆ.

ಅಷ್ಟರಲ್ಲಿ ಅಪ್ಪನ ಕಂಪೆನಿಯವರೇ ಆದ ಒಬ್ಬರು, "ಆ ಕರಿಯನಿಗೆ ಗೋದಾಮು ಎಂತ ಗೊತ್ತುಂಟು?" ಎಂದರು. ಅಪ್ಪನ ಪರವಾಗಿ ಹೇಳಿದ ಮಾತು ಅದು. ನಾನು ಕೇಳಿದೆ: "ರಿವರ್ಸ್ ರೇಸಿಸಂ ಬಗ್ಗೆ ಆಮೇಲೆ ಮಾತಾಡೋಣ. ಈಗ ನೀವು ಅಂದದ್ದಕ್ಕೆ ಏನು ಹೆಸರು?"

"ಓಹೋ! ಲೋಟದ ಬಣ್ಣ ಎಂತದೋ?"

"ಸ್ಟೀಲು. ಮುಖ ನೋಡಿಕೊಳ್ಳಬಹುದು."

ನಗುವ ಚಿಹ್ನೆಗಳು ಸಾಲುಗಟ್ಟಿದವು. ಅಪ್ಪ ಮಾತ್ರ ಏನೂ ಬರೆಯಲಿಲ್ಲ. ಸಂಜೆ ಮನೆಯಲ್ಲಿ ಫೋನು ಬದಿಗಿಟ್ಟು, "ಗುಂಪಿನಲ್ಲಿ ಒಂದು ಲೋಟ ಉಂಟು. ಬಾಯಿ ಭಾರೀ ಜೋರು" ಎಂದು ಅಮ್ಮನಿಗೆ ಹೇಳಿದರು. ನಾನು ಅನ್ನಕ್ಕೆ ಮೀನುಸಾರು ಬಡಿಸಿಕೊಳ್ಳುತ್ತಿದ್ದೆ. ತಲೆ ಎತ್ತಲಿಲ್ಲ.

ಜಗಳ ಬೈಗುಳಕ್ಕೆ ಇಳಿಯುವ ಮೊದಲು ಗುಂಪಿನ ಯಜಮಾನರು ನಡುವೆ ಬಂದರು. ರುಸ್ತಾಕಿನಲ್ಲಿ ದಿನಸಿ ಅಂಗಡಿ ನಡೆಸುವ ಬ್ಯಾರಿ ಸಾಹೇಬರು. ಊರಲ್ಲಿ ಮನೆ ಪಕ್ಕದ ಚಾವಡಿಯಲ್ಲಿ ನಡೆಯುತ್ತಿದ್ದ ತಾಳಮದ್ದಳೆ ಕೇಳುತ್ತಾ ಬೆಳೆದವರು. ಅವರ ಧ್ವನಿ ಸಂದೇಶ ಬಂತು: "ಬರೆದು ಬರೆದು ಸಾಕಾಯ್ತು, ಖಲಾಸ್. ಶುಕ್ರವಾರ ಜುಮ್ಮಾ ಮುಗ್ದು ಊಟ ಆದ್ಮೇಲೆ ಎಲ್ಲರೂ ಮೀಟಿಂಗ್ ಆ್ಯಪ್‌ಗೆ ಬನ್ನಿ. ಕೂಟ ಮಾಡುವ. ಆದ್ರೆ ಪಾತ್ರ ತಿರುಗಿಸಿ. ನಮ್ಮ ಅರ್ಥಧಾರಿಗಳು ಆ ಒಮಾನಿ ಹುಡುಗ. ಲೋಟದವರು ಕೆಲಸ ಹೋದ ನಮ್ಮವರು. ಪಾತ್ರ ಬಿಟ್ಟು ಒಂದು ಮಾತಾಡ್ಲಿಕ್ಕಿಲ್ಲ. ಚೆಂಡೆ ಇಲ್ಲ, ಈ ಬ್ಯಾರಿ ಅಂಗಡಿಯ ಮೇಜು ಬಡೀತಾನೆ."

ಅಪ್ಪ ಒಪ್ಪಿದರು. ಪಾತ್ರ ಸಿಕ್ಕಿದರೆ ಬೇಡ ಎನ್ನುವ ಅರ್ಥಧಾರಿ ಎಲ್ಲಿದ್ದಾರೆ? ಉಳಿದದ್ದು ನಾನು. ಒಪ್ಪಿದರೆ ಅಪ್ಪನಿಗೆ ನನ್ನ ಧ್ವನಿ ಕೇಳುತ್ತದೆ. ಮೊದಲ ಮಾತಿಗೇ ಗುರುತಾಗುತ್ತದೆ. ಅವರು ನನ್ನಿಂದ ಬಚ್ಚಿಟ್ಟ ನೋವನ್ನು ನಾನು ಗುಂಪಿನೆದುರು ನನ್ನದೆಂದು ಹೇಳಬೇಕು. ಎರಡು ದಿನ ಯೋಚಿಸಿದೆ. ಮನೆಯಲ್ಲಿ ಆಡಲಾಗದ ಮಾತನ್ನು ಆಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎನಿಸಿತು. "ಬರುತ್ತೇನೆ" ಎಂದು ಬರೆದೆ.

ಶುಕ್ರವಾರ ಅಪ್ಪ ಹಾಲ್‌ನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕುಳಿತರು. ಯಾರಿಗೂ ಕಾಣಿಸದ ಕೂಟಕ್ಕೆ ಅಂಗಿ ಯಾಕೆಂದು ಅಮ್ಮ ನಕ್ಕರು. ಬಸಳೆ ತರುತ್ತೇನೆಂದು ಹೇಳಿ ನಾನು ಕಾರು ತೆಗೆದೆ. ಮಾರುಕಟ್ಟೆಯ ಹೊರಗೆ ನೆರಳು ಹುಡುಕಿ ನಿಲ್ಲಿಸಿ, ಎ.ಸಿ. ಸಣ್ಣಗೆ ಮಾಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಪಕ್ಕದಲ್ಲಿ ಕಲ್ಲಂಗಡಿ ಇಳಿಸುತ್ತಿದ್ದರು.

ಸಾಹೇಬರು ಮೇಜು ಬಡಿದರು. ನಾನು ಮೈಕ್ ಒತ್ತಿದೆ.

"ಮಗೂ, ನನ್ನ ಕುರ್ಚಿಯಲ್ಲಿ ಕುಳಿತುಕೊಳ್ಳಲು ಬಂದವನು ನೀನೇ ಅಲ್ಲವೇ?"

"ಯಾ ಅಲ್ಲಾಹ್, ಲೋಟ ಹೆಣ್ಮಗಳಾ!" ಎಂದರು ಯಾರೋ. ಸಾಹೇಬರು ಗದರಿ ಅವರ ಮೈಕ್ ಮುಚ್ಚಿಸಿದರು. ಅಪ್ಪನ ಕಡೆಯಿಂದ ಫ್ಯಾನಿನ ಶಬ್ದ ಮಾತ್ರ ಕೇಳುತ್ತಿತ್ತು, ನಮ್ಮದೇ ಹಾಲಿನ ಫ್ಯಾನು. ಎದ್ದು ಹೋದರೇ ಎಂದುಕೊಂಡೆ. ಆಮೇಲೆ ಗಂಟಲು ಸರಿಪಡಿಸಿಕೊಂಡ ಸದ್ದು.

"ಬನ್ನಿ ಹಿರಿಯರೇ. ನಿಮ್ಮ ಕುರ್ಚಿ ನಿಮ್ಮದೇ ಇದೆ. ನಾನು ನಿಂತೇ ಮಾತಾಡುತ್ತೇನೆ."

ಆ ಒಂದು ಸಂಬೋಧನೆಗೆ ನನ್ನ ಭಯವೆಲ್ಲ ಹಾರಿಹೋಯಿತು. ಗೊತ್ತಾಗಿದೆ, ಗೊತ್ತಾಗಿಯೂ ಪಾತ್ರ ಬಿಡಲಿಲ್ಲ.

ನಾನು ಏರಿಸಿದೆ. "ಮರಳಿನಲ್ಲಿ ಗೋದಾಮು ಎದ್ದಾಗ ನಾನಿದ್ದೆ, ನೀನು ಹುಟ್ಟಿರಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಕಳಿಸು, ಹೋಗುತ್ತೇನೆ. ಹುಟ್ಟಿದ ಊರು ನೋಡಿ ಕಳಿಸುತ್ತೀಯಲ್ಲ, ಇದಕ್ಕೆ ನಿನ್ನ ಭಾಷೆಯಲ್ಲಿ ಏನನ್ನುತ್ತಾರೆ?"

"ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಹೇಳಿ. ನನ್ನ ಅಜ್ಜಿ ಆಫ್ರಿಕಾದ ಜಂಜಿಬಾರಿನಿಂದ ಬಂದವಳು. ನಾನು ಚಾ ತರಲು ಎದ್ದಾಗ ನಿಮ್ಮವರು ನಿಮ್ಮ ಭಾಷೆಯಲ್ಲಿ ಒಂದು ಶಬ್ದ ಹೇಳಿ ನಗುತ್ತಾರೆ. ಶಬ್ದ ನನಗೆ ಬರುವುದಿಲ್ಲ. ನಗು ಅರ್ಥವಾಗುತ್ತದೆ."

ಅಪ್ಪನಿಗೆ ಹುರುಪು ಏರಿತ್ತು. ಸಿಕ್ಕಿದ ಪಾತ್ರ ತನ್ನ ವಿರೋಧಿಯದೇ ಆದರೂ ಅದನ್ನು ಸೋಲಲು ಬಿಡದಿರುವುದು ತಾಳಮದ್ದಳೆಯವರ ಚಟ. "ರೂಮು ಬಾಡಿಗೆಗಿದೆ, ಊರವರಿಗೆ ಮಾತ್ರ ಎಂದು ಬರೆಯುವವರು ಯಾರು ಹಿರಿಯರೇ? ನಿಮ್ಮ ಊರಲ್ಲಿ ನಮ್ಮವರಿಗೇ ಕೆಲಸ ಎಂದು ಕೂಗಿದಾಗ ಚಪ್ಪಾಳೆ ತಟ್ಟಿದವರು ಯಾರು?"

ನನ್ನದೇ ವಾದ! ನನ್ನದೇ ಬಾಣವನ್ನು ನನಗೇ ಹೂಡಿದ್ದರು, ಅದೂ ನನಗಿಂತ ಚೆನ್ನಾಗಿ. ಕಾರಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಕಲ್ಲಂಗಡಿಯವರು ತಿರುಗಿ ನೋಡಿದರು.

"ಸರಿ, ಆ ಹೆಸರು ಬೇಡ" ಎಂದೆ. "ರೇಸಿಸಂ ಅಲ್ಲ ಎಂದೇ ಇಟ್ಟುಕೋ. ಹೆಸರು ತೆಗೆದರೆ ನೋವು ಹೋಗುತ್ತದೆಯೇ? ಲಾರಿಯಿಂದ ಟೈಲ್ಸ್ ಇಳಿದಾಗ ನಾನು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ. ಗಟ್ಟಿ ಇದ್ದರೆ ಗಂಟೆಯ ಹಾಗೆ ಕೇಳುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಒಡಕು ಶಬ್ದ ಬರುತ್ತದೆ. ಮನೆಯಲ್ಲಿ ಊಟದ ತಟ್ಟೆಯನ್ನೂ ತಟ್ಟಿ ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುತ್ತೇನೆ. ಈ ಕಿವಿಯನ್ನು ತೆಗೆದುಕೊಂಡು ನಾನು ಎಲ್ಲಿಗೆ ಹೋಗಲಿ?"

ಇದನ್ನು ಮೊದಲೇ ಯೋಚಿಸಿರಲಿಲ್ಲ. ಮಾತಿನ ರಭಸಕ್ಕೆ ಬಂದುಬಿಟ್ಟಿತ್ತು. ಹೇಳಿದ ಮೇಲೆ ನನ್ನ ಧ್ವನಿಯೇ ಒಡೆದಂತಾಯಿತು.

ಈ ಸಲ ಸಾಹೇಬರು ಮೇಜು ಬಡಿಯಲಿಲ್ಲ. ಅರ್ಥಗಾರಿಕೆಯ ಏರು ದನಿ ಬಿಟ್ಟು, ಅಪ್ಪ ಮೆಲ್ಲಗೆ ಅಂದರು: "ಹಾಗಾದರೆ ಅದನ್ನು ನನಗೆ ಕಲಿಸಿ, ಹಿರಿಯರೇ. ಕುರ್ಚಿ ಸರಕಾರ ಕೊಡುತ್ತದೆ. ಕಿವಿ ಕೊಡುವುದಿಲ್ಲ."

"ಮಂಗಳ!" ಎಂದು ಸಾಹೇಬರು ಎರಡೂ ಕೈಯಿಂದ ಮೇಜು ಬಡಿದರು. ಎಲ್ಲರ ಮೈಕ್ ಒಟ್ಟಿಗೆ ತೆರೆದು ಕಿವಿ ತುಂಬಿತು. ಬೈಯುವವರು, ಹೊಗಳುವವರು, ಯಾರು ಗೆದ್ದದ್ದೆಂದು ಕಿತ್ತಾಡುವವರು. ಕರಿಯ ಎಂದಿದ್ದವರು ತಮ್ಮ ಸಂದೇಶವನ್ನು ಅಳಿಸಿದ್ದು ಆಮೇಲೆ ನೋಡಿದೆ. ರಿವರ್ಸ್ ರೇಸಿಸಂ ಇದೆ ಎಂದವರು ಇದೆ ಎಂದೇ ಉಳಿದರು. ಆ ಚರ್ಚೆ ಇವತ್ತಿಗೂ ಮುಗಿದಿಲ್ಲ. ನಾನು ಅದರಲ್ಲಿ ಇನ್ನೂ ಬರೆಯುತ್ತೇನೆ.

ಬಸಳೆ ಹಿಡಿದು ಮನೆಗೆ ಹೋದಾಗ ಬಾಗಿಲು ತೆರೆದದ್ದು ಅಪ್ಪ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕಟ್ಟನ್ನು ಕೈಗೆ ತೆಗೆದುಕೊಂಡು ತುಳುವಿನಲ್ಲಿ ಕೇಳಿದರು, "ಇಷ್ಟು ಬಸಳೆಗೆ ಇಷ್ಟು ಹೊತ್ತು ಬೇಕಾ?"

"ಮಾರುಕಟ್ಟೆಯಲ್ಲಿ ರಶ್ ಇತ್ತು."

"ಹೌದು ಹೌದು, ಗಲಾಟೆ ಇಲ್ಲಿವರೆಗೂ ಕೇಳಿತು." ಅಡುಗೆಮನೆಗೆ ಹೋಗುತ್ತಾ ತಿರುಗಿದರು. "ನೋಡು, ನಾನು ಒಪ್ಪಲಿಲ್ಲ. ಮಾತಾಡಿದ್ದು ಪಾತ್ರ."

"ನಾನೂ ಒಪ್ಪಲಿಲ್ಲ. ಪಾತ್ರವೇ."

"ಎಂತ ಪಾತ್ರ? ಯಾವ ಪಾತ್ರ ತೊಳಿಬೇಕು?" ಎಂದು ಅಮ್ಮ ಒಳಗಿಂದ ಕೇಳಿದರು. ನಾವಿಬ್ಬರೂ ನಕ್ಕದ್ದು ಅವರಿಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಅಪ್ಪ, ಗೋದಾಮಿನಿಂದ ಎಂದೋ ತಂದಿಟ್ಟಿದ್ದ ಹಳೆಯ ಟೈಲ್ಸ್‌ಗಳನ್ನು ಒಂದೊಂದಾಗಿ ಎತ್ತಿ ತಟ್ಟುತ್ತಿದ್ದರು. ಗಂಟೆಯಂತೆ ಕೇಳಿದ್ದೊಂದು, ಒಡಕಾಗಿ ಕೇಳಿದ್ದೊಂದು ಆರಿಸಿ, ಮುರಿಯದ ಹಾಗೆ ಟವಲಿನಲ್ಲಿ ಸುತ್ತಿ ಊಟದ ಚೀಲದ ಪಕ್ಕ ಇಟ್ಟುಕೊಂಡರು. ಲಿಫ್ಟಿನ ಗುಂಡಿ ಒತ್ತಿ ನನ್ನನ್ನು ನೋಡಿ ಅಂದರು:

"ಲೋಟದವರೇ, ಸಂಜೆ ಚಾ ಮಾಡಿ ಇಡಿ. ನನಗೆ ತಡ ಆಗ್ತದೆ. ಆ ಹುಡುಗನ ಕಿವಿ ಹೇಗುಂಟೋ ನೋಡ್ಬೇಕು."