ಗೋಡೆಗೂ ಬೀರುವಿಗೂ ನಡುವೆ

ದುಡ್ಡು ಕೊಟ್ಟ ತಕ್ಷಣ ವಸ್ತು ನಿಮ್ಮದಾಗುತ್ತದೆ. ಅದು ನಿಂತಿರುವ ಜಾಗ ನಿಮ್ಮದಾಗುವುದಿಲ್ಲ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿದ್ದಂತೆ ನಡೆದುಕೊಳ್ಳುವವರನ್ನು ಮಾತ್ರ ದೀಪ ಹಿಡಿದು ಹುಡುಕಬೇಕು.

ಲಾಂಡ್ರಿಯಕ್ಕನ ಮನೆಯ ಸಂಗತಿ ಹೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಬೀದಿಯವರೆಲ್ಲ ಹಾಗೆ ಕರೆದೂ ಕರೆದೂ, ಸಿಟ್ಟು ಬಂದಾಗ ಹೆತ್ತ ತಾಯಿಯೂ "ಏನೇ ಲಾಂಡ್ರಿ" ಎನ್ನುತ್ತಿದ್ದಳು. ಬೇರೆಯವರ ಬಟ್ಟೆ ಮುಟ್ಟುವ ಮೊದಲು ಕೈ ತೊಳೆದು, ಒಣಗಿಸಿಕೊಂಡು, ಬೆರಳ ತುದಿ ಒಮ್ಮೆ ನೋಡಿಕೊಳ್ಳುವುದು ಅವಳ ಅಭ್ಯಾಸ. ಹಿಂದೊಮ್ಮೆ ಯಾರದೋ ಬಿಳಿ ಕೋಟಿನ ಮೇಲೆ ಅವಳ ಹೆಬ್ಬೆರಳ ಗುರುತು ಬಿದ್ದಿತ್ತು. ಆ ಗಿರಾಕಿ ಅಂಗಡಿ ತುಂಬ ಜನರಿದ್ದಾಗ ಅವಳ ನೀರಿಳಿಸಿ ಹೋಗಿದ್ದ. ಪರರ ವಸ್ತು ಎಂದರೆ ಅಂದಿನಿಂದ ಅವಳಿಗೆ ಕೆಂಡ.

ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಒಮ್ಮೆ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು, ಮೂರು ತಿಂಗಳು ಮಲಗಿ, ವಾಕರ್ ಹಿಡಿದು ಎದ್ದವಳು. ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದ್ದರು: "ವಾಕರ್ ಇಲ್ದೆ ಒಂದ್ ಹೆಜ್ಜೆನೂ ಬೇಡ. ಇನ್ನೊಂದ್ ಸಲ ಬಿದ್ರೆ, ಎದ್ದು ಓಡಾಡೋ ಮಾತು ಮರೆತುಬಿಡಿ."

ತಾಯಿಯ ಕೋಣೆ ಇಕ್ಕಟ್ಟು. ಅರ್ಧ ಕೋಣೆ ನುಂಗಿಕೊಂಡು ನಿಂತಿದ್ದದ್ದು ಎರಡು ಬಾಗಿಲ, ಆಳೆತ್ತರದ ಕನ್ನಡಿಯ ಹಳೇ ಮರದ ಬೀರು. ಅದು ಹೋದರೆ ಆಸ್ಪತ್ರೆ ಮಂಚ ಹಿಡಿಸುತ್ತದೆ, ವಾಕರ್ ತಿರುಗುತ್ತದೆ. ಅದಕ್ಕೇ ಮಗಳು ಅದನ್ನು ಮಾರಲು ಹೊರಟಳು. ಕೊಳ್ಳಲು ಬಂದವನು ಮೆದುಮಾತಿನ ಮನುಷ್ಯ. ಚೌಕಾಸಿಯೂ ಮಾಡದೆ ನಿಂತ ನಿಲುವಿನಲ್ಲೇ ಪೂರ್ತಿ ಹಣ ಕೊಟ್ಟ.

"ನಾಳೆ ಹತ್ತಕ್ಕೆಲ್ಲ ಗಾಡಿ ಬರುತ್ತೆ ಮೇಡಂ. ಕೋಣೆಯಿಂದ ಹೊರಗೆ ತಂದಿಟ್ಟಿರಿ. ಗಾಡಿಯವರು ಕಾಯಲ್ಲ ನೋಡಿ."

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಇನ್ನೂ ಮೂವರನ್ನು ಕರೆತಂದ. ನಾಲ್ವರೂ ಉಸಿರು ಕಟ್ಟಿ ಬೀರುವನ್ನು ಕೋಣೆಯಿಂದ ಎತ್ತಿ, ಬಚ್ಚಲಿಗೆ ಹೋಗುವ ಓಣಿಯಂಥ ಹಾದಿಯಲ್ಲಿ ಗೋಡೆಗೆ ಒರಗಿಸಿದರು. ಒಂದು ರಾತ್ರಿಯ ಮಾತು ತಾನೇ! ಖಾಲಿಯಾದ ಕೋಣೆಯಲ್ಲಿ ಅಂದೇ ಆಸ್ಪತ್ರೆ ಮಂಚ ಕೂತಿತು.

ಗಾಡಿ ಬರಲಿಲ್ಲ. ಹನ್ನೊಂದಕ್ಕೆ ಫೋನ್ ಮಾಡಿದಳು. "ಹೊಸ ಮನೆ ನೆಲಕ್ಕೆ ಪಾಲಿಷ್ ನಡೀತಿದೆ ಮೇಡಂ. ಇನ್ನೆರಡು ದಿನ." ಎರಡು ದಿನ ಕಳೆದ ಮೇಲೆ ಬಣ್ಣ ಒಣಗಿರಲಿಲ್ಲ. ಆಮೇಲೆ ಗಾಡಿಯವನಿಗೆ ಜ್ವರ. ಆಮೇಲೆ ಇವನೇ ಊರಲ್ಲಿರಲಿಲ್ಲ. ಬಾಡಿಗೆ ಇಲ್ಲದ ಗೋದಾಮು ಸಿಕ್ಕಿದರೆ ಯಾರಿಗೆ ಯಾಕೆ ಅವಸರ?

ಬೀರು ಕಳೆದು ಉಳಿದ ಹಾದಿ ಒಂದೂವರೆ ಅಡಿ. ವಾಕರ್‌ನ ಅಗಲ ಎರಡಡಿ. ಹಾಗಾಗಿ ತಾಯಿ ಬೀರುವಿನ ಈಚೆಗೇ ವಾಕರ್ ಬಿಟ್ಟು, ಅಡ್ಡಡ್ಡ ಕಾಲು ಸರಿಸುತ್ತ ಬಚ್ಚಲು ಸೇರಬೇಕು. ಮಗಳು ಮನೆಯಲ್ಲಿದ್ದರೆ ಹೆಗಲು ಕೊಡುತ್ತಿದ್ದಳು. ಹಗಲೆಲ್ಲ ಅವಳು ಲಾಂಡ್ರಿಯಲ್ಲಿ.

ಒಂದು ಸಂಜೆ ಮನೆಗೆ ಬಂದವಳಿಗೆ ಮೊದಲು ಕಂಡದ್ದು ಕನ್ನಡಿಯ ಮೇಲಿನ ಐದು ಬೆರಳು.

"ಅಮ್ಮಾ, ಕನ್ನಡಿ ಮುಟ್ಟಬೇಡ ಅಂತ ಎಷ್ಟ್ ಸಲ ಹೇಳ್ಲಿ?"

"ಮುಟ್ಟದೆ ಏನು, ಹಾರ್ಕೊಂಡು ಹೋಗ್ಲಾ?"

"ಗೋಡೆ ಹಿಡ್ಕೋ. ಇದು ಅವರ ವಸ್ತು."

"ಹಿಡ್ಕೊಳ್ಳೋಕೆ ಗೋಡೆಗೇನು ಕಿವಿ ಇದ್ಯೇನೇ? ಸರಿ ಬಿಡು. ಬೀರೂನೇ ಮನೆ ಯಜಮಾನ, ನಾವಿಬ್ರೂ ಅದರ ಬಾಡಿಗೆದಾರರು."

ಇಬ್ಬರೂ ನಕ್ಕರು. ನಗುತ್ತಲೇ ಮಗಳು ಒದ್ದೆ ಬಟ್ಟೆ ತಂದು ಆ ಐದು ಬೆರಳನ್ನು ಒರೆಸಿದಳು. ಮರುದಿನ ಬೀರುವಿಗೆ ಒಂದು ಹಳೇ ಚಾದರ ಹೊದಿಸಿದಳು. ತಾಯಿ ಅದನ್ನು ಹಿಡಿದಾಗ ಜಾರಿ ಕೈಗೇ ಬಂತು. ಮಗಳು ಅದನ್ನು ತೆಗೆದುಬಿಟ್ಟಳು.

ಎಲೆಕ್ಟ್ರಿಷಿಯನ್ ಎರಡು ಸಲ ಹೇಳಿದ. "ಅಕ್ಕಾ, ಹ್ಞೂಂ ಅನ್ನಿ, ಎತ್ತಿ ಅಂಗಳದಲ್ಲಿಟ್ಟು ಬಿಡ್ತೀವಿ."

"ಮಳೆ ಬಂದ್ರೆ?"

"ನೆನೀಲಿ. ಅವನಿಗಿಲ್ಲದ ಚಿಂತೆ ನಿಮಗ್ಯಾಕೆ?"

"ದುಡ್ಡು ಕೊಟ್ಟಿದ್ದಾರಪ್ಪ. ನಾಳೆ ಮರ ಉಬ್ಬಿದ್ರೆ ನಾನೇನ್ ಮುಖ ತೋರಿಸ್ಲಿ?"

ಲಾಂಡ್ರಿಯ ಮಾಲೀಕ ಗೇಲಿ ಮಾಡಿದ. "ತಿಂಗಳ ಮೇಲೆ ಬಿಟ್ಟ ಬಟ್ಟೆಗೆ ನಾವು ಜವಾಬ್ದಾರರಲ್ಲ ಅಂತ ಇಲ್ಲಿ ಬೋರ್ಡ್ ಹಾಕಿದೀನಲ್ಲ, ಬಿಚ್ಕೊಂಡು ಹೋಗಿ ನಿನ್ ಬೀರುಗೆ ನೇತುಹಾಕಮ್ಮ."

ಹದಿನೆಂಟನೇ ದಿನ ಅವಳು ನಾಚಿಕೆ ಬಿಟ್ಟು ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸಾರ್, ಅಮ್ಮನ ವಾಕರ್ ತೂರಲ್ಲ. ಬಚ್ಚಲಿಗೆ ಹೋಗೋದೇ ಕಷ್ಟ ಆಗಿದೆ. ಬಿದ್ರೆ ಮತ್ತೆ ಏಳಲ್ಲ ಅಂದಿದ್ದಾರೆ ಡಾಕ್ಟ್ರು."

"ಅಯ್ಯೋ ಪಾಪ. ಹುಷಾರಾಗಿ ನೋಡ್ಕೊಳ್ಳಿ ಮೇಡಂ," ಎಂದ ಅವನು. ಫೋನ್ ಇಡುವ ಮೊದಲು ಸೇರಿಸಿದ: "ಹಾಗೇ ಬೀರೂನೂ. ಕನ್ನಡಿ ಹಳೇ ಕಾಲದ್ದು, ಈಗ ಸಿಗಲ್ಲ."

ಆ ಸಂಜೆ ಮಗಳು ತಾಯಿಗೆ ಕನ್ನಡಿ ಮುಟ್ಟಬೇಡವೆಂದು ಇನ್ನೊಮ್ಮೆ ತಾಕೀತು ಮಾಡಿದಳು. ಅವಳನ್ನು ಇಂದಿಗೂ ಸುಡುವುದು ಇದೊಂದೇ.

ಇಪ್ಪತ್ನಾಲ್ಕನೇ ದಿನ ಬೆಳಗಿನ ಹೊತ್ತು. ಧೊಪ್ಪನೆ ಸದ್ದು ಕೇಳಿ ಎಲೆಕ್ಟ್ರಿಷಿಯನ್ ಬಾಗಿಲು ತಳ್ಳಿಕೊಂಡು ಬಂದ. ತಾಯಿ ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡು ಬಿದ್ದಿದ್ದಳು. ಎಣ್ಣೆಬಣ್ಣದ ಗೋಡೆಯ ಮೇಲೆ ಅಂಗೈ ಜಾರಿದ ಗೆರೆ ಮೇಲಿಂದ ಕೆಳಗಿನವರೆಗೆ. ಎರಡು ಕಡೆಯಿಂದಲೂ ಬಗ್ಗಿ ಎತ್ತಲು ಜಾಗವಿಲ್ಲ. ಜನ ಸೇರಿ ಮೊದಲು ಬೀರುವನ್ನು ಸರಿಸಿ, ಆಮೇಲೆ ಅವಳನ್ನು ಎತ್ತಬೇಕಾಯಿತು. ಅಷ್ಟರಲ್ಲಿ ಲಾಂಡ್ರಿಯಕ್ಕ ಓಡಿ ಬಂದಳು.

ಮಗಳನ್ನು ಕಂಡು ತಾಯಿ ಮೊದಲು ಆಡಿದ ಮಾತು ಇದು: "ಕನ್ನಡಿ ಮುಟ್ಲಿಲ್ಲ ಕಣೇ."

ಬೈಗುಳ ಬೀಳಬಹುದೆಂದು ಹೆದರಿದ ಮಗುವಿನ ದನಿಯಲ್ಲಿ ಹೇಳಿದಳು.

ಡಾಕ್ಟರ್ ಹೇಳಿದ್ದು ಹುಸಿಯಾಗಲಿಲ್ಲ. ತಾಯಿ ಈಗ ಆ ಮಂಚದ ಮೇಲೇ ಇದ್ದಾಳೆ, ಅಲ್ಲೇ ಎಲ್ಲ. ಮಗಳು ಅರ್ಧ ದಿನದ ಕೆಲಸಕ್ಕೆ ಇಳಿದಿದ್ದಾಳೆ. ತಾಯಿ ಹಾಸ್ಯ ಮಾಡುವುದನ್ನು ನಿಲ್ಲಿಸಿದ್ದಾಳೆ.

ಬೀರು ಕೊಂಡವನು ಬಂದದ್ದು ಮೂವತ್ಮೂರನೇ ದಿನ. ಬೀರುವಿನ ಬಾಗಿಲು ತೆಗೆದು ನೋಡಿದ, ಮುಚ್ಚಿ ನೋಡಿದ, ಕನ್ನಡಿಯಲ್ಲಿ ತಲೆಗೂದಲು ಸರಿಮಾಡಿಕೊಂಡ. "ಭೇಷ್, ಒಂದು ಗೆರೆನೂ ಬಿದ್ದಿಲ್ಲ! ಸ್ವಲ್ಪ ತಡ ಆಯ್ತು, ಬೇಜಾರಿಲ್ಲ ತಾನೇ?"

ಅವಳಿಗೆ ಬಾಯಿ ತುಂಬ ಬಯ್ಯಬೇಕೆನಿಸಿತು. ಗಂಟಲಿನಿಂದ ಹೊರಟದ್ದು ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳಿದ ಮಾತು: "ಎಲ್ಲ ಸರಿ ಇದೆಯಾ, ನೋಡ್ಕೊಂಡು ತಗೊಂಡ್ಹೋಗಿ."

ಅವನು ಕೋಣೆಯ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಆ ಮನುಷ್ಯ ಕೆಟ್ಟವನಲ್ಲ ಎನ್ನುವವರಿದ್ದಾರೆ. ಮೋಸ ಮಾಡಲಿಲ್ಲ, ಮಾತು ಒರಟಲ್ಲ, ಹಣ ಮೊದಲೇ ಕೊಟ್ಟಿದ್ದ. ನಿಜ. ಇದನ್ನು ಓದುತ್ತಿರುವ ನೀವೂ ಅವನಷ್ಟೇ ಒಳ್ಳೆಯವರು. ಯಾರದೋ ಹಜಾರದಲ್ಲಿ ನಿಮ್ಮ ಸೋಫಾ ಇದೆ. ಯಾರದೋ ಮೆಟ್ಟಿಲ ಕೆಳಗೆ ನಿಮ್ಮ ಮೇಜು ಇದೆ. ಅವರು ಅದರ ಪಕ್ಕ ಹೇಗೆ ತೂರಿಕೊಂಡು ಹೋಗುತ್ತಾರೆಂದು ನೀವು ಕೇಳಿಲ್ಲ. ಈಗ ಫೋನ್ ಎತ್ತಿ ಇನ್ನೊಂದು ನೆಪ ಹೇಳಬೇಡಿ. ಏಳಿ, ಗಾಡಿ ಕರೆಯಿರಿ, ಇವತ್ತು ಕತ್ತಲಾಗುವುದರೊಳಗೆ ಹೋಗಿ ಅದನ್ನು ಎತ್ತಿಕೊಂಡು ಬನ್ನಿ.